ಲೋಹಿತ ಒಪ್ಪಿಕೊಳ್ಳುವುದಿಲ್ಲ

ರೀ,

ರಾತ್ರಿ ಲೋಹಿತನ ಕೋಣೆಯ ಚಿಲಕದ ಸದ್ದಿಗೆ ಎಚ್ಚರವಾಯಿತು. ನಿಮ್ಮ ಪಿಸುಮಾತೂ ಕೇಳಿತು: "ಬೈಕ್ ನಾನ ಕದ್ದೇನಿ ಅಂದಬಿಡು. ನಿನಗ ಹದಿನಾರು, ಬುದ್ಧಿ ಹೇಳಿ ಬಿಡ್ತಾರ. ಚೇತನಗ ಹದಿನೆಂಟು ತುಂಬ್ಯಾವ, ಅವಂದು ದೊಡ್ಡ ಕೋರ್ಟಿಗೆ ಹೋಗ್ತೈತಿ."

ಅಣ್ಣನ ಮಗನನ್ನು ಉಳಿಸಲು ಸ್ವಂತ ಮಗನನ್ನು ಕಳ್ಳನನ್ನಾಗಿ ಮಾಡುತ್ತೀರಾ? ಚೇತನ ಕದ್ದ ಬೈಕಿನ ಹಿಂದಿನ ಸೀಟಿನಲ್ಲಿ ಕೂತದ್ದಷ್ಟೇ ಲೋಹಿತನ ತಪ್ಪು.

ಅವನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹಾವೇರಿಯ ಬಾಲನ್ಯಾಯ ಮಂಡಳಿಗೆ ಹೊರಟಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಾನೆ. ಸಮಾಲೋಚನೆಗೆ ಬಾ, ಆಸ್ಪತ್ರೆಯ ಅಂಗಳ ಗುಡಿಸು ಎಂದರೆ ಅದನ್ನೂ ಮಾಡುತ್ತಾನೆ. ನೀವು ಬರಬೇಡಿ.

ರೊಟ್ಟಿ ಬುಟ್ಟಿಯಲ್ಲಿವೆ. ಪಲ್ಯ ಮಾಡಿಲ್ಲ, ಬೇಕಾದರೆ ತಿಳವಳ್ಳಿಗೆ ಹೋಗಿ ನಿಮ್ಮ ಅಣ್ಣನ ಮನೆಯಲ್ಲೇ ಉಣ್ಣಿ.

"ಅಪ್ಪ ಕಲಿಸಿದ್ದನ್ನೂ ಅಲ್ಲಿ ಹೇಳಪಾ" ಎಂದೆ. ತಲೆ ಎತ್ತದೆ ಶೂ ಕಟ್ಟುತ್ತ, "ಅದನ್ನ ಯಾರ ಮುಂದೂ ಹೇಳಂಗಿಲ್ಲವ್ವಾ" ಅಂದ.