ಸಾವಿತ್ರಮ್ಮನ ಹಿತ್ತಲಿನ ವೀರಗಲ್ಲು

ಜನವರಿ 12, 2025. ಭಾನುವಾರ, ಬೆಳಿಗ್ಗೆ 6

ಬ್ರಷ್, ನೀರಿನ ಕ್ಯಾನ್, ಅಕ್ಕಿ ಹಿಟ್ಟು — ಚೀಲಕ್ಕೆ ಹಾಕಿದ್ದಾಯಿತು. ಶಾಸನ ಹುಡುಕುವ ನಮ್ಮ ಕ್ಲಬ್ಬಿನ ವ್ಯಾನು ಸವಳಂಗ ರಸ್ತೆಗೆ ಆರೂವರೆಗೆ ಬರುತ್ತದೆ. ಮಂಗಳವಾರ ಗಂಗಾಧರಪ್ಪ ತೀರಿಕೊಂಡರು. ಆದರೂ ಹೊರಟಿದ್ದೇವೆ. ಯಾರು ಹೋದರೂ ಭಾನುವಾರದ ನಡಿಗೆ ನಿಲ್ಲಬಾರದು — ಅವರೇ ಮಾಡಿದ ನಿಯಮ. ಪೇಪರ್ ಮಿಲ್ಲಿನ ಫಿಟ್ಟರ್. ಕಾಗದನಗರದ ಕ್ವಾರ್ಟರ್ಸಿನಲ್ಲಿ ಕೂತು ಹಳಗನ್ನಡ ಲಿಪಿ ತಾವೇ ಕಲಿತವರು. ನನ್ನ ಇಪ್ಪತ್ತೆರಡು ವರ್ಷದ ಗೆಳೆಯ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಸಂಜೆ 5

ವ್ಯಾನಿನಲ್ಲಿ ಕೆಟ್ಟ ಸುದ್ದಿ. ಭದ್ರಾವತಿ ಆಚೆಯ ಹಳ್ಳಿಯಲ್ಲಿ ಎಮ್ಮೆ ಸಾಕಿಕೊಂಡಿರುವ ಸಾವಿತ್ರಮ್ಮನ ಮನೆ ಮುಂದೆ ರಸ್ತೆ ಅಗಲ ಮಾಡುತ್ತಿದ್ದಾರಂತೆ. ಅಂಗಳದ ವೀರಗಲ್ಲು ಗಂಗಾಧರಪ್ಪನವರೇ ಹುಡುಕಿದ್ದು. ಮುಂದಿನ ಭಾನುವಾರ ಶ್ರದ್ಧಾಂಜಲಿ ಸಭೆ, ಮಾತು ನನ್ನದು. ಕಲ್ಲೇ ಪುಡಿಯಾಗಿದ್ದರೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ?

ಜ. 13

ವರ್ಷಗಳ ಹಿಂದೆ ನಾವು ಮೊದಲು ನೋಡಿದಾಗ ಆ ಕಲ್ಲಿಗೆ ಎಮ್ಮೆ ಕಟ್ಟುತ್ತಿದ್ದರು. ಅಕ್ಷರ ಕಾಣಲೆಂದು ಹಿಟ್ಟು ಸವರಿದೆವು. ಓದಿದ ಮೇಲೆ ತೊಳೆಯಬೇಕು. ಅವತ್ತು ಗಂಗಾಧರಪ್ಪನವರ ಸರದಿ. ತೊಳೆಯಲಿಲ್ಲ. ಮುಂದಿನ ವಾರ ನೋಡಿದರೆ, ಬಿಳಿ ಹಿಟ್ಟನ್ನು ಪೂಜೆಯೆಂದುಕೊಂಡು ಊರವರು ಕಲ್ಲಿಗೆ ಕುಂಕುಮ, ದಾಸವಾಳ ಇಟ್ಟಿದ್ದರು!

ಗಂಗಾಧರಪ್ಪನವರಿಗೆ ಬೈದೆ. "ಓದಿದೋರು ಮಾಡೋ ಕೆಲಸಾನೇನ್ರೀ ಇದು?"

"ಇರ್ಲಿ ಬಿಡಿ ಟೀಚರ್. ಇನ್ಮೇಲೆ ಯಾರೂ ಇದಕ್ಕೆ ಎಮ್ಮೆ ಕಟ್ಟಲ್ಲ."

ಒಂದು ತಿಂಗಳು ಮಾತು ಬಿಟ್ಟಿದ್ದೆ... ನನ್ನ ಕೋಪ ನನಗೇ ಗೊತ್ತು.

ಜ. 16, ಮಧ್ಯಾಹ್ನ

ಬಸ್ಸು, ಆಟೋ ಹಿಡಿದು ಹೋದೆ. ಅಂಗಳವೇ ಇಲ್ಲ. ಬರೀ ಜಲ್ಲಿ.

"ಹಿತ್ಲಿಗೆ ಬನ್ನಿ ಟೀಚರಮ್ಮ" — ಸಾವಿತ್ರಮ್ಮನ ದನಿ.

ಕಲ್ಲು ನಿಂತಿದೆ! ಸಿಮೆಂಟಿನ ಕಟ್ಟೆ ಮೇಲೆ, ನೆಟ್ಟಗೆ.

"ಜೆಸಿಬಿಯೋನಿಗೆ ನಾನೇ ಅಡ್ಡ ನಿಂತೆ. ಕೇರಿಯೋರೆಲ್ಲಾ ಸೇರಿ ಎತ್ತಿದ್ವಿ. ಒಂದು ಚೂರೂ ಮುಕ್ಕಾಗಿಲ್ಲ, ನೋಡಿ."

"ದೇವರು ಅಂತಾನಾ?" ಮೇಷ್ಟ್ರ ಬುದ್ಧಿ, ಕೇಳಿಯೇಬಿಟ್ಟೆ.

"ದೇವ್ರಲ್ಲ ಅಂತ ಗೊತ್ತಮ್ಮ. ಕಳ್ರು ಹೊಡ್ಕೊಂಡು ಹೋದ ಊರಿನ ದನ ಬಿಡಿಸಕ್ಕೆ ಹೋಗಿ ಸತ್ತೋನು. ಗಂಗಾಧರಪ್ಪೋರು ಒಬ್ರೇ ಬಂದು, ನಮ್ಮನ್ನೆಲ್ಲಾ ಕೂರಿಸ್ಕೊಂಡು ಸಾಲುಸಾಲೂ ಓದಿ ಹೇಳಿದ್ರಲ್ಲ. ನಮ್ಮೋನು ಅಂತ ಹೂ ಇಡ್ತೀವಿ."

ನನಗೊಂದು ಮಾತೂ ಹೇಳಿರಲಿಲ್ಲ ಪುಣ್ಯಾತ್ಮ. ಬೈದದ್ದು ನನ್ನ ತಪ್ಪು. ಕಟ್ಟೆ ಮೇಲೆ ಕೂತು ಅತ್ತೆ. ದುಃಖಕ್ಕಿಂತ ಹೆಮ್ಮೆಯೇ ಹೆಚ್ಚು.

ಜ. 19, ಬೆಳಿಗ್ಗೆ 9

ಭಾಷಣ ಬರೆದಿಲ್ಲ. ಸಾವಿತ್ರಮ್ಮನನ್ನೇ ವೇದಿಕೆಗೆ ಕರೆದಿದ್ದೇನೆ. ಶಾಸನ ಪೂರ್ತಿ ಬಾಯಿಪಾಠವಂತೆ. ಅವರೇ ಹೇಳಲಿ, ನಾನು ಕೆಳಗೆ ಕೂತು ಕೇಳುತ್ತೇನೆ.

ಫೋನು. ಬಸ್ ಸ್ಟ್ಯಾಂಡಿನಲ್ಲಿ ಇಳಿದರಂತೆ. ಜೊತೆಗೆ ಕೇರಿಯ ಹದಿನಾಲ್ಕು ಹೆಂಗಸರು! ಅವರಿಗೂ ಬಾಯಿಪಾಠವಂತೆ. ವೇದಿಕೆಯ ಮೇಲೆ ಇರುವುದೇ ನಾಲ್ಕು ಕುರ್ಚಿ, ಇನ್ನು ಅಷ್ಟು ಜನಕ್ಕೆ ಎಲ್ಲಿಂದ—