ಅನ್ನ ಬೇಡ ಎಂದ ಪುಸ್ತಕ

ದೀಕ್ಷಾ,

ಒಲೆಯ ಮೇಲೆ ಗಂಜಿ ಇದೆ, ಬಳಚು ಚಿಪ್ಪಿಯ ಸುಕ್ಕ ಮುಚ್ಚಿಟ್ಟಿದ್ದೇನೆ. ಹೊಟ್ಟೆ ತುಂಬ ಉಣ್ಣು. ಡಾಕ್ಟರು ಕೊಟ್ಟ ಮಾತ್ರೆ ಆಮೇಲೆ. "ಎಂತ ಅಮ್ಮ, ಪುಸ್ತಕ ಎಲ್ಲಿ ಹೋಯ್ತು ಈಗ?" ಎಂದು ಚುಚ್ಚಬೇಡ.

ಆ ಆಟಗಾರರ ಆಹಾರದ ಪುಸ್ತಕವನ್ನು ನಿನ್ನೆ ಡಾಕ್ಟರಿಗೆ ತೋರಿಸಿದೆ. ಅದು ಮೈ ಕರಗಿಸುವ ದೊಡ್ಡ ಆಟಗಾರರಿಗೆ ಬರೆದದ್ದಂತೆ. ಓಡುವ ಹದಿನೈದರ ಹುಡುಗಿಗೆ ಆ ಊಟ ಸಾಲದಂತೆ. ಅಚ್ಚಾದದ್ದೆಲ್ಲ ಸತ್ಯ ಎಂದು ನಂಬಿ ತಿಂಗಳಿಡೀ ನಿನಗೆ ಅನ್ನ ತಪ್ಪಿಸಿ, ಮೊಟ್ಟೆಯ ಬಿಳಿ, ಸೌತೆಕಾಯಿ ತಿನ್ನಿಸಿದೆ. ಕುಮಟಾದ ಮೈದಾನದಲ್ಲಿ ನೀನು ತಲೆ ತಿರುಗಿ ಬಿದ್ದಾಗ "ಏಳೇ, ಸೋಮಾರಿ" ಎಂದು ಎಲ್ಲರೆದುರು ಕೂಗಿದವಳೂ ನಾನೇ.

ನೀರು ಇಳಿದಿದೆ, ಬಳಚು ಹೆಕ್ಕಲು ಹೊಳೆಗೆ ಹೋಗುತ್ತೇನೆ. ಓಟ ಬಿಡುತ್ತೇನೆ ಎಂದು ಅತ್ತಿದ್ದೆಯಲ್ಲ, ನಿನಗೇ ಬೇಡವಾದರೆ ಬಿಡು. ನನ್ನ ಬಾಯಿಗೆ ಹೆದರಿ ಬಿಡಬೇಡ.

ಅಮ್ಮ