ಪಡ್ಡಿನ ಹಂಚಿನ ಈಸ್ಟರ್ ತತ್ತಿ

ರಾಯಚೂರು
6-4-2026, ಸೋಮವಾರ

ಪ್ರೀತಿಯ ಲಲಿತಾ ಅತ್ತಿಗೆ,

ಇವತ್ತು ಬೆಳಿಗ್ಗೆ ಹಾಸಿಗೆ ಮಡಿಸುವಾಗ ಸುವಾರ್ತಳ ತಲೆದಿಂಬಿನಿಂದ ಗೋಡೆಯವರೆಗೆ ಕೆಂಪಿರುವೆಯ ಸಾಲು ಕಂಡಿತು. ದಿಂಬು ಎತ್ತಿದೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ ಒಂದು ಚಾಕ್ಲೇಟ್ ತತ್ತಿ ಚಪ್ಪಟೆಯಾಗಿ ಅರಿವೆಗೆಲ್ಲ ಅಂಟಿಕೊಂಡಿತ್ತು. ಎಬ್ಬಿಸಿ ಕೇಳಿದರೆ, “ಕಾವು ಕೊಡಾಕತ್ತಿದ್ದೆ ಅತ್ತಿ, ಮರಿ ಆಗ್ಲೆಂತ” ಅಂದಳು. ಯಾವ ಮರಿ ಬರುತ್ತದೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ದಿಂಬಿನ ಚೀಲ ನೆನೆಹಾಕಿ ಈ ಪತ್ರ ಬರೆಯಲು ಕೂತಿದ್ದೇನೆ.

ನೀವು ಹೇಗಿದ್ದೀರಿ? ಮಾನ್ವಿಯ ಆಸ್ಪತ್ರೆಯಲ್ಲೂ ನಿಮಗೆ ಎರಡೆರಡು ಪಾಳಿ ಹಾಕುತ್ತಾರಾ? ಕಾಲಿನ ಬಾವು ಇಳಿದಿದೆಯಾ? ಹದಿನಾಲ್ಕು ತಿಂಗಳು ಒಂದು ಸಾಲು ಬರೆಯದೆ ಈಗ ಯೋಗಕ್ಷೇಮ ಕೇಳಲು ನಾಚಿಕೆಯಾಗುತ್ತದೆ. ನನ್ನ ಫೋನು ದಿನಕ್ಕೊಮ್ಮೆ ಬೀರೇಶಣ್ಣನ ಕೈಗೆ ಹೋಗಿ ಬರುತ್ತದೆ, ನಿಜ. ಆದರೆ ಅದು ನೆಪ. ನನ್ನ ಜೊತೆ ಎಂ.ಎ. ಓದಿದ ಹುಮೇರಾ ಮಾನ್ವಿಯ ಶಾಲೆಯಲ್ಲಿದ್ದಾಳೆ, ವಾರವಾರ ಇಲ್ಲಿಗೆ ಬರುತ್ತಾಳೆ. “ಏನರ ಬರದು ಕೊಡಬೇ, ನಾ ಮುಟ್ಟಸ್ತೀನಿ. ಕನ್ನಡ ಎಂ.ಎ. ಮಾಡಿದಾಕಿಗೆ ಒಂದು ಕಾಗದ ಬರ್ಯಾಕ ಬರಂಗಿಲ್ಲೇನು” ಎಂದು ಎಷ್ಟು ಸಲ ಚುಚ್ಚಿದಳು. ನಾನು ನಕ್ಕು ಸುಮ್ಮನಾದೆ. ನನ್ನ ಸುಮ್ಮನಿರುವಿಕೆ ನಿಮಗೆ ಗೊತ್ತೇ ಇದೆ.

ನಿನ್ನೆಯ ಸುದ್ದಿ ಹೇಳಬೇಕು. ಹೋದ ವರ್ಷ ಈ ಮನೆಯಲ್ಲಿ ಯಾರೂ ಈಸ್ಟರಿನ ಹೆಸರೆತ್ತಲಿಲ್ಲ. ಈ ಸಲವೂ ಹಾಗೇ ದಾಟಿಹೋಗುತ್ತಿತ್ತು. ಬೆಳಿಗ್ಗೆ ಅವ್ವ ದೇವದುರ್ಗಕ್ಕೆ, ವಿರೂಪಣ್ಣ ಕಾಕಾನ ಮನೆಗೆ ಹೋದಳು. ಮಕ್ಕಳಿಗಾಗಿ ನೀವು ಹಾಕಿದ ಕೇಸಿನ ಮಾತುಕತೆಗೇ ಇರಬೇಕು. ಬೀರೇಶಣ್ಣ ಅಂಗಡಿಗೆ ಹೋದ. ಅವನ ಬೈಕಿನ ಸದ್ದು ತಿರುವಿನಲ್ಲಿ ಅಡಗಿದ್ದೇ ತಡ, ಕನಕರಾಜ ಪಡ್ಡಿನ ಹಂಚನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಬಂದ.

“ಅತ್ತಿ, ನಮ್ಮವ್ವ ಇದರಾಗ ತತ್ತಿ ಮಾಡ್ತಿದ್ಲು. ನಿನಗ ಬರ್ತದೇನು?”

“ಬರಂಗಿಲ್ಲಪ್ಪ.”

“ಎಷ್ಟು ಓದಿದ್ರೇನು ಬಂತು. ನಾ ಹೇಳ್ತೀನಿ, ನೀ ಮಾಡು.”

ಏಳು ವರ್ಷದವನಿಗೆ ಎಲ್ಲ ನೆನಪಿದೆ ಅತ್ತಿಗೆ. ಮೈದಾ ಎರಡು ಸಲ ಜರಡಿ ಹಿಡಿಯಬೇಕು. ಹಿಟ್ಟು ಸೌಟಿನಿಂದ ಬೀಳಬಾರದು, ಜಾರಬೇಕು. ಹಂಚಿನ ಮೇಲೆ ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಎರಡು ಪಡ್ಡಿನ ಚಪ್ಪಟೆ ಬದಿಗೆ ಚಾಕ್ಲೇಟ್ ಸವರಿ ಒಂದಕ್ಕೊಂದು ಒತ್ತಿದರೆ ತತ್ತಿ. ನಿಮ್ಮ ಕೋಕೋ ಡಬ್ಬಿ ಮೇಲಿನ ಕಪಾಟಿನಲ್ಲಿ ಹಾಗೇ ಇತ್ತು. ಪುಡಿ ಕಲ್ಲಾಗಿತ್ತು. ಕುಟ್ಟಾಣಿಯಲ್ಲಿ ಕುಟ್ಟಿದೆ. ಚಾಕ್ಲೇಟ್ ಕರಗಿಸಲು ಒಲೆ ಬೇಕಾಗಲಿಲ್ಲ, ಬಟ್ಟಲು ಮಾಳಿಗೆಯ ಬಿಸಿಲಿಗಿಟ್ಟರೆ ಹತ್ತು ನಿಮಿಷದಲ್ಲಿ ನೀರಾಯಿತು. ಸುವಾರ್ತ ಅಲ್ಲೇ ಕಾವಲು ಕೂತಳು. ಕಾವಲಿನವಳ ಮೊಳಕೈವರೆಗೂ ಚಾಕ್ಲೇಟ್.

ಸಕ್ಕರೆ ಲೇಪದ ಬಣ್ಣದ ಬಡೇಸೋಪು ಮೇಲೆ ಉದುರಿಸುವಾಗ ಅವಳು ಕೇಳಿದಳು: “ಯಾವ ಅವ್ವ ಮಾಡ್ತಿದ್ಲು? ಫೋಟೋದಾಗಿನಾಕೀನಾ?” ಕನಕರಾಜ ಅವಳ ತಲೆಗೆ ಮೊಟಕಿ, “ನಮಗೇನು ಹತ್ತು ಮಂದಿ ಅದಾರೇನಲೇ” ಅಂದ. ಅವಳು ಅಳಲಿಲ್ಲ. ಇನ್ನೊಂದು ಚಿಟಿಕೆ ಬಡೇಸೋಪು ಬಾಯಿಗೆ ಹಾಕಿಕೊಂಡಳು. ಇದನ್ನು ನಿಮಗೆ ಬರೆಯಬಾರದಿತ್ತೇನೋ. ಆದರೆ ನೀವು ಬಂದು ಎದುರು ನಿಂತಾಗ ಅವಳು ನನ್ನ ಸೆರಗಿನ ಹಿಂದೆ ಅಡಗಿದರೆ, ಅದು ನಿಮಗೆ ಮೊದಲೇ ಗೊತ್ತಿರಲಿ.

ಎರಡನೇ ಸುತ್ತಿನ ಪಡ್ಡು ಬೇಯಿಸುತ್ತಿದ್ದೆ. ಕನಕರಾಜ ಇದ್ದಕ್ಕಿದ್ದಂತೆ ಎದ್ದು ನಿಂತು ಕೈಮುಗಿದ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಮೇಲೆ ನೋಡುತ್ತ ಹೇಳಿದ: “ನಮಸ್ಕಾರ ಸಾಹೇಬ್ರ. ನಾನು ಅಪ್ಪನ ಹತ್ರ, ಅಜ್ಜಿ ಹತ್ರ ಇರ್ತೀನಿ. ಅವ್ವನ ಹತ್ರ ಹೋಗಂಗಿಲ್ಲ. ಅಕಿ ನಮ್ಮನ್ನ ಬಿಟ್ಟು ಹೋಗ್ಯಾಳ.”

ಹದಿನಾರನೇ ತಾರೀಖು ಜಡ್ಜ್ ಸಾಹೇಬರು ಮಕ್ಕಳನ್ನೇ ಕರೆದು ಕೇಳುತ್ತಾರಂತೆ. ಅದಕ್ಕೆ ಅವ್ವ ದಿನಾ ಸಂಜೆ ಅವನಿಂದ ಇದನ್ನು ಹೇಳಿಸುತ್ತಾಳೆ.

“ಸರಿ ಹೇಳಿದ್ನೇನತ್ತಿ? ‘ಬಿಟ್ಟು ಹೋಗ್ಯಾಳ’ ಅನ್ನಾಗ ದನಿ ಜೋರು ಮಾಡ್ಬೇಕಂತ.”

ಅವನ ಪದ್ಯಗಳನ್ನೆಲ್ಲ ತಿದ್ದುವವಳು ನಾನು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಟ್ಟವಳು ನಾನು. ಇದನ್ನೂ ನನ್ನ ಮುಂದೆ ತಂದಿಟ್ಟಿದ್ದ.

“ಅವತ್ತು ಅವ್ವನೂ ಬರ್ತಾಳಂತ. ಹಿಂಗಂದ್ರ ಸಿಟ್ಟಾಗ್ತಾಳೇನು?”

ನಾನು ಅವನ ಕೆನ್ನೆಗಂಟಿದ ಹಿಟ್ಟು ಒರೆಸಿದೆ. ಅವನೇ ಹಂಚು ತೋರಿಸಿ, “ಅತ್ತಿ, ಹೊತ್ತಾಕತ್ತದ” ಅಂದ. ಏಳು ಪಡ್ಡು ಸೀದು ಕರಿಯಾಗಿದ್ದವು.

ಮಧ್ಯಾಹ್ನ ಕರೆಂಟು ಹೋಯಿತು. ಫ್ರಿಜ್ಜಿನಲ್ಲಿಟ್ಟ ತತ್ತಿಗಳು ಗಟ್ಟಿಯಾಗದೆ ಒಂದರ ಮೇಲೊಂದು ಜಾರಿಕೊಂಡವು. ಅಷ್ಟರಲ್ಲಿ ಅವ್ವ ಬಂದಳು. ಬಾಗಿಲಲ್ಲೇ ನಿಂತು ವಾಸನೆ ಹಿಡಿದಳು. ಬೈಯುತ್ತಾಳೆ ಎಂದು ಮಕ್ಕಳು ಗೋಡೆಗೆ ಒತ್ತಿಕೊಂಡರು. ಅವ್ವ ಕೈ ತೊಳೆದು ಬಂದು ಒಂದು ತತ್ತಿ ತಿಂದಳು. ಇನ್ನೊಂದು ತಗೊಂಡಳು. “ಅಕಿ ಮಾಡಿದ್ವು ಇನ್ನೂ ಮೆತ್ತಗ ಇರ್ತಿದ್ವು” ಅಂದಳು. ಅವಳಿಗೂ ನಿಮ್ಮ ನೆನಪಿದೆ, ಮಾತಾಡಿದರೆ ಮನಸ್ಸು ತಿರುಗಬಹುದು ಅನ್ನಿಸಿತು. ಅವ್ವ ಬೆರಳು ನೆಕ್ಕಿ, ಕನಕರಾಜನನ್ನು ತೊಡೆಯ ಮೇಲೆ ಎಳೆದುಕೊಂಡಳು. “ಹೇಳು ನನ್ನಪ್ಪ, ಸಾಹೇಬ್ರು ಕೇಳಿದ್ರ ಏನಂತಿ?”

ಅವನು ಹೇಳಿದ. ಕೊನೆಯಲ್ಲಿ ದನಿ ಜೋರು ಮಾಡಿದ.

ಅವ್ವ ಕೆಟ್ಟವಳಲ್ಲ ಅತ್ತಿಗೆ. ನಾನು ಜ್ವರದಲ್ಲಿ ಬಿದ್ದಾಗ ಮೂರು ದಿನ ನನ್ನ ಪಕ್ಕದಿಂದ ಏಳದವಳು. ಅದಕ್ಕೇ ನನಗೆ ದಾರಿ ಕಾಣುವುದಿಲ್ಲ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಇಲ್ಲಿ ಎಲ್ಲರೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಮಾಡುತ್ತಿದ್ದಾರೆ. ಅನ್ನ ಕಲಸಿ ತಿನ್ನಿಸುವ ಕೈಯಲ್ಲೇ ಆ ಮಾತನ್ನೂ ಅವನ ಬಾಯಿಗೆ ಇಡುತ್ತಿದ್ದಾರೆ.

ನೀವು ಬಾಗಿಲ ಹೊರಗೇ ಉಳಿದ ಆ ಸಂಜೆಯ ಬಗ್ಗೆ ನಾನು ಯಾವತ್ತೂ ಮಾತಾಡಿಲ್ಲ. ಹೋದ ವರ್ಷ ಜನವರಿ ಒಂದರಂದು ನೀವು ಮಕ್ಕಳನ್ನು ಚರ್ಚಿಗೆ ಕರೆದುಕೊಂಡು ಹೋದಾಗಿನಿಂದ ಮನೆಯಲ್ಲಿ ಹೊಗೆಯಾಡುತ್ತಿತ್ತು. ಒಂದು ತಿಂಗಳಾದ ಮೇಲೆ, ನೀವು ಪಾಳಿ ಮುಗಿಸಿ ಬರುವ ಹೊತ್ತಿಗೆ ಅವ್ವ ಒಳಗಿನಿಂದ ಚಿಲಕ ಹಾಕಿದಳು. ಅಣ್ಣ ಟಿವಿಯ ಸದ್ದು ಹೆಚ್ಚಿಸಿದ. ನೀವು ಬಾಗಿಲು ಬಡಿದಿರಿ. ಮೊದಲು ಅಣ್ಣನನ್ನು ಕರೆದಿರಿ, ಆಮೇಲೆ ನನ್ನನ್ನು. ‘ಯಶೋದಾ, ನೀನಾದ್ರೂ ತೆಗಿಯವ್ವ’ ಅಂದಿರಿ. ಚಿಲಕ ನನ್ನಿಂದ ನಾಲ್ಕು ಹೆಜ್ಜೆ. ಸುವಾರ್ತ ನನ್ನ ಕಂಕುಳಲ್ಲಿದ್ದಳು. ಅವಳು ಕೂಗಿದರೆ ನಾನು ಒಳಗಿದ್ದೇನೆ ಎಂದು ನಿಮಗೆ ತಿಳಿಯುತ್ತದೆ ಎಂದು ಅವಳನ್ನು ಎದೆಗೆ ಒತ್ತಿಕೊಂಡೆ. ಕ್ಷಮಿಸಿ ಎಂದು ಬರೆಯುವುದೂ ಹಗುರಾಗಿ ಕಾಣುತ್ತದೆ.

ಮಕ್ಕಳು ಆರೋಗ್ಯವಾಗಿದ್ದಾರೆ. ಕನಕರಾಜನ ಮುಂದಿನ ಹಲ್ಲು ಎರಡೂ ಬಿದ್ದಿವೆ. ಸುವಾರ್ತಳಿಗೆ ನಿಮ್ಮದೇ ಕೂದಲು, ಎಣ್ಣೆ ಎಷ್ಟು ಹಚ್ಚಿದರೂ ನಿಲ್ಲುವುದಿಲ್ಲ. ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳಿ. ನಾನು ಚಿಕ್ಕವಳು, ನಿಮ್ಮನ್ನು ಹರಸುವಂತಿಲ್ಲ. ನೀವು ನಂಬಿದ ದೇವರು ನಿಮ್ಮ ಕೈಬಿಡದಿರಲಿ, ನಿಮ್ಮ ಮಡಿಲು ಮತ್ತೆ ತುಂಬಲಿ.

ನಿಮ್ಮ
ಯಶೋದಾ

ತಾ.ಕ.: ಮೇಲಿನದನ್ನು ಬರೆದು ಮಡಿಚಿಟ್ಟು, ಮತ್ತೆ ಬಿಚ್ಚಿದ್ದೇನೆ. ಹೇಳಬೇಕಾದ್ದನ್ನೇ ಹೇಳಿರಲಿಲ್ಲ.

ವಿರೂಪಣ್ಣ ಕಾಕಾ ಮಾನ್ವಿಗೆ ತಂದು, ಸಹಿ ಮಾಡಿದರೆ ರಜೆಗೆ ಮಕ್ಕಳನ್ನು ಕಳಿಸುತ್ತಾರೆ ಎಂದು ನಿಮ್ಮನ್ನು ನಂಬಿಸಿ ಸಹಿ ಹಾಕಿಸಿದ ಆ ಕಾಗದ ಇದೆಯಲ್ಲ. ದೇವದುರ್ಗದಲ್ಲಿ ಟೈಪ್ ಮಾಡಿಸಿದ್ದು. ಯಾರೋ ದಸ್ತಾವೇಜು ಬರೆಯುವವರದು ಅಂದುಕೊಂಡಿರುತ್ತೀರಿ. ಅದನ್ನು ಬರೆದವಳು ನಾನು. ಓದಿದವಳು ಅಂತ ನನ್ನನ್ನೇ ಕೂರಿಸಿದರು. ಅಣ್ಣ ಹೇಳಿದ್ದು ಇಷ್ಟೇ: “ಮನಿ ಬಿಟ್ಟು ಹೋದ್ಲು ಅಂತ ಬರಿ.” ಆ ವಾಕ್ಯ ನನಗೆ ಬೋಳಾಗಿ ಕಂಡಿತು. ‘ಯಾರ ಒತ್ತಾಯವೂ ಇಲ್ಲದೆ, ತನ್ನ ಸ್ವಂತ ಇಚ್ಛೆಯಿಂದ’ ಎಂದು ನಾನೇ ಸೇರಿಸಿದೆ. ಯಾರೂ ಹೇಳಿರಲಿಲ್ಲ. ಕಾಕಾ ಓದಿಸಿ ಕೇಳಿ, “ಕಲ್ತಾಕಿ ನೋಡ್ರಿ, ಎಷ್ಟು ಚಂದ ಬರದಾಳ” ಅಂದ. ನನಗೆ ಹಿಗ್ಗಾಯಿತು. ಅದನ್ನೂ ಮುಚ್ಚಿಡುವುದಿಲ್ಲ, ಹಿಗ್ಗಾಯಿತು. ಈಗ ಅಣ್ಣನ ವಕೀಲರು ಆ ಸಾಲಿನ ಕೆಳಗೆ ಗೆರೆ ಎಳೆದಿದ್ದಾರೆ, ಇಡೀ ಕೇಸು ಅದರ ಮೇಲೇ ನಿಂತಿದೆಯಂತೆ.

ನನ್ನ ಕೈಬರಹದ ಕಚ್ಚಾ ಪ್ರತಿ ಈ ಪತ್ರದ ಜೊತೆಗಿದೆ. ಎಲ್ಲಿ ಹೊಡೆದು ಹಾಕಿ ಏನು ಸೇರಿಸಿದೆ ಎಂಬುದು ಅದರಲ್ಲಿ ಕಾಣುತ್ತದೆ. ನಿಮ್ಮ ವಕೀಲರಿಗೆ ಕೊಡಿ. ಅದರಿಂದ ಏನಾದರೂ ಆಗುತ್ತದೆ ಎಂಬ ನಂಬಿಕೆ ನನಗೆ ಹೆಚ್ಚಿಲ್ಲ. ಆದರೂ ಹದಿನಾರಕ್ಕೆ ನಾನು ಕೋರ್ಟಿಗೆ ಬರುತ್ತೇನೆ. ಇಲ್ಲಿ ಯಾರಿಗೂ ಹೇಳಿಲ್ಲ. ಅವತ್ತಿನ ನಂತರ ಈ ಮನೆಗೆ ಮರಳಲಾಗುವುದಿಲ್ಲ, ಹುಮೇರಾಳ ಕೋಣೆಯಲ್ಲಿ ಜಾಗ ಕೇಳಿದ್ದೇನೆ. ನಿಮ್ಮ ವಕೀಲರಿಗೆ ಒಂದೇ ಮಾತು ಹೇಳಿ: ಜಡ್ಜ್ ಸಾಹೇಬರು ಕನಕರಾಜನನ್ನು ಒಳಗೆ ಕರೆಯುವ ಮೊದಲು ನನ್ನನ್ನು ಸಾಕ್ಷಿಗೆ ಕರೆಸಲಿ.